ಲಂಡನ್‌ನಲ್ಲಿ ಮನೆ ಹುಡುಕುತ್ತಿರುವವರಿಗೆ

ಎಲ್ರಿಗೂ ನಮಸ್ಕಾರ. "ಇದು ಬೆಂಗಳೂರಿನ ಯಾವ ಏರಿಯಾ ಥರ?" ಅಂತ ದಿನಾ ಯಾರಾದ್ರೂ ಕೇಳ್ತಾರೆ, ಅದಕ್ಕೇ ಒಂದೇ ಕಡೆ ಬರೀತಿದ್ದೀನಿ.

ಕೆನರಿ ವಾರ್ಫ್ ಅಂದ್ರೆ ವೈಟ್‌ಫೀಲ್ಡ್ ಥರ ಅನ್ನಬಹುದು, ಟ್ರಾಫಿಕ್ ಬಿಟ್ಟು. ಹಳೇ ಹಡಗುಕಟ್ಟೆ ಜಾಗದಲ್ಲಿ ಎದ್ದ ಗಾಜಿನ ಕಟ್ಟಡಗಳು, ತುಂಬ ಬ್ಯಾಂಕು. ಅಲ್ಲಿ ಕೆಲಸ ಸಿಕ್ಕಿದೋರು ಈಸ್ಟ್ ಹ್ಯಾಮ್ ನೋಡಿ: ಮೆಟ್ರೋದ ಡಿಸ್ಟ್ರಿಕ್ಟ್ ಲೈನಲ್ಲಿ ವೆಸ್ಟ್ ಹ್ಯಾಮ್‌ಗೆ ಬಂದು ಜೂಬಿಲಿ ಲೈನ್ ಹತ್ತಿದ್ರೆ ಆಯ್ತು. ಹೈ ಸ್ಟ್ರೀಟ್ ನಾರ್ತ್‌ನಲ್ಲಿ ಕರಿಬೇವು, ನುಗ್ಗೆಕಾಯಿ, ದೋಸೆ ಎಲ್ಲ ಸಿಗುತ್ತೆ, ಹತ್ತಿರದಲ್ಲೇ ಮುರುಗನ್ ದೇವಸ್ಥಾನವೂ ಇದೆ. ಕೆಲವರು ಗಾಂಧಿ ಬಜಾರ್ ಅಂತಾರೆ. ಕಿವಿಗೆ ಬೀಳೋ ತಮಿಳು ನೋಡಿದ್ರೆ ನನಗೆ ಅಲಸೂರೇ ಸರಿ ಅನ್ಸುತ್ತೆ.

ವೆಂಬ್ಲಿ? ಸ್ಟೇಡಿಯಂ ಪಕ್ಕ ಬೇಡ, ಮ್ಯಾಚ್ ದಿನ ಚಿನ್ನಸ್ವಾಮಿ ಸುತ್ತಮುತ್ತಲಿನದೇ ಗತಿ. ಪರ್ಮಿಟ್ ಇಲ್ಲದೆ ಕಾರು ನಿಲ್ಲಿಸಿದ್ರೆ ದಂಡ ಬೇರೆ.

ಹೌನ್ಸ್ಲೋಗೆ ಮಾತ್ರ ನಮ್ಮೂರಲ್ಲಿ ಜೋಡಿ ಸಿಗಲಿಲ್ಲ. ಹೀಥ್ರೂ ವಿಮಾನಗಳು ತಲೆ ಮೇಲೇ ಇಳಿಯುತ್ತವೆ. ಇಳಿಯೋ ರನ್‌ವೇ ಸಾಮಾನ್ಯವಾಗಿ ಮಧ್ಯಾಹ್ನ 3ಕ್ಕೆ ಬದಲಾಗುತ್ತೆ, ಆದ್ದರಿಂದ ಮನೆ ನೋಡೋಕೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹೋಗಿ. ಬೆಳಿಗ್ಗೆ ನಿಶ್ಶಬ್ದ ಅಂತ ಅಡ್ವಾನ್ಸ್ ಕೊಟ್ಟುಬಿಡಬೇಡಿ.

ಬಾಡಿಗೆ ಜೊತೆ ಕೌನ್ಸಿಲ್ ಟ್ಯಾಕ್ಸ್ (ಸ್ಥಳೀಯ ಆಡಳಿತಕ್ಕೆ ಕಟ್ಟೋ ಮನೆ ತೆರಿಗೆ) ಯಾವ ಬ್ಯಾಂಡ್, ಅಂದ್ರೆ ಯಾವ ದರ್ಜೆ, ಅಂತಾನೂ ಕೇಳಿ, ಒಂದೊಂದು ಕೌನ್ಸಿಲ್‌ಗೂ ದರ ಬೇರೆ. ಸೌತಾಲ್ ಕಡೆ ಇರೋರು ಯಾರಾದ್ರೂ ಇದಕ್ಕೆ ಸೇರಿಸ್ತೀರಾ?