ಕಮಾನಿಗೆ ಕಿವಿಗೊಡಿ: ಸ್ವಿಂಗ್ ಪಿಟೀಲಿನ ಬಗ್ಗೆ ಬರೆಯಹೊರಟವರಿಗೆ

ಪ್ರಿಯ ಮಿತ್ರರೇ,

ಫ್ರಾನ್ಸಿನ ಜಾಝ್ ಪಿಟೀಲುವಾದಕ ಡಿಡಿಯೆ ಲಾಕ್‌ವುಡ್ ತಮ್ಮ ದೇಶದವರೇ ಆದ ಹಿರಿಯ ಸ್ವಿಂಗ್ (1930ರ ದಶಕದ ಜಾಝ್ ಶೈಲಿ) ಪಿಟೀಲುವಾದಕ ಗ್ರಾಪೆಲ್ಲಿಗೆ ಗೌರವವಾಗಿ 2000ದಲ್ಲಿ ಹೊರತಂದ 'ಟ್ರಿಬ್ಯೂಟ್ ಟು ಸ್ಟೆಫಾನ್ ಗ್ರಾಪೆಲ್ಲಿ' ಆಲ್ಬಮ್ ಬಗ್ಗೆ ಬರೆಯಬೇಕೆಂದಿದ್ದೀರಿ. ಒಳ್ಳೆಯ ಆಯ್ಕೆ. ಆದರೆ ಹಿರಿಯರು ಹೇಗೆ ನುಡಿಸುತ್ತಿದ್ದರು ಎಂಬುದು ಕಿವಿಯಲ್ಲಿ ಕೂರುವ ತನಕ, ಕಿರಿಯರು ಅವರನ್ನು ಗೌರವಿಸಿದರೋ ಬರೀ ನಕಲು ಮಾಡಿದರೋ ಎಂದು ಹೇಳಲು ಬರುವುದಿಲ್ಲ. ಮೊದಲ ಒಂದು ವಾರ ಲಾಕ್‌ವುಡ್ ಅವರನ್ನು ಬದಿಗಿಟ್ಟು ಹಳಬರನ್ನು ಕೇಳಿ.

ಜೋ ವೆನುಟಿಯಿಂದ ಶುರುಮಾಡಿ. 1926ರಿಂದ ಗಿಟಾರ್ ವಾದಕ ಎಡ್ಡಿ ಲ್ಯಾಂಗ್ ಜೊತೆ ಅವರು ಧ್ವನಿಮುದ್ರಿಸಿದ ಜೋಡಿವಾದನಗಳೇ ಜಾಝ್ ಪಿಟೀಲಿಗೆ ಹಾದಿ ಹಾಕಿದವು. ತಂತಿಗಳನ್ನು ಎತ್ತಿ ಹಿಡಿಯುವ ಪಿಟೀಲಿನ ಕುದುರೆ ಮೇಲಂಚಿನಲ್ಲಿ ಬಾಗಿರುವುದರಿಂದ ಸಾಮಾನ್ಯವಾಗಿ ಒಮ್ಮೆಗೆ ಎರಡು ತಂತಿಗಳ ಮೇಲಷ್ಟೇ ಬಿಲ್ಲು (ಕಮಾನು) ನಿಲ್ಲುತ್ತದೆ. ಒತ್ತಿದರೆ ಕ್ಷಣಮಾತ್ರ ಮೂರು. ವೆನುಟಿ ಬಿಲ್ಲಿನ ತಿರುಪು ಬಿಚ್ಚಿ, ಕೋಲನ್ನು ಪಿಟೀಲಿನ ಬೆನ್ನ ಕೆಳಗೆ ತಂದು, ಸಡಿಲವಾದ ಕೂದಲನ್ನು ನಾಲ್ಕೂ ತಂತಿಗಳ ಮೇಲೆ ಸುತ್ತಿ ನುಡಿಸುತ್ತಿದ್ದರು. ನಾಲ್ಕು ಸ್ವರ ಒಟ್ಟಿಗೆ, ಹಾರ್ಮೋನಿಯಂನಂತೆ ಕಡಿಯದೆ ನಿಲ್ಲುವುದು ಕೇಳಿಸಿದರೆ ಅದು ಈ ಚಮತ್ಕಾರ.

ಆಮೇಲೆ ಎಡ್ಡಿ ಸೌತ್. ಶಾಸ್ತ್ರೀಯ ತರಬೇತಿ ಪೂರ್ಣವಾಗಿದ್ದರೂ ಕರಿಯರೆಂಬ ಒಂದೇ ಕಾರಣಕ್ಕೆ ಅಮೆರಿಕದ ಆರ್ಕೆಸ್ಟ್ರಾಗಳ ಬಾಗಿಲು ಅವರಿಗೆ ಮುಚ್ಚಿತ್ತು. 1937ರಲ್ಲಿ ಪ್ಯಾರಿಸ್ಸಿನಲ್ಲಿ ಗ್ರಾಪೆಲ್ಲಿ ಜೊತೆ, ಜ್ಯಾಂಗೊ ರೈನ್‌ಹಾರ್ಟ್ ಅವರ ಗಿಟಾರಿನೊಂದಿಗೆ, ಬಾಖ್ ಅವರ ಎರಡು ಪಿಟೀಲುಗಳ ಕನ್ಚರ್ಟೊದ ಮೊದಲ ಭಾಗವನ್ನು ಸ್ವಿಂಗ್ ಆಗಿ ನುಡಿಸಿದರು. ತುಂಬಿದ, ನೇರವಾದ ನಾದ ಅವರದು. ಸ್ಟಫ್ ಸ್ಮಿತ್ ಅದಕ್ಕೆ ತದ್ವಿರುದ್ಧ: ಒರಟು ನಾದ, ಸ್ವರದ ತುದಿಯಲ್ಲಿ ಅಗಲವಾದ ಕಂಪನ, ಲೂಯಿ ಆರ್ಮ್‌ಸ್ಟ್ರಾಂಗ್ ಅವರ ಟ್ರಂಪೆಟ್ಟಿನಿಂದ ಕಲಿತ ವಾಕ್ಯಗಳು. 1936ರಲ್ಲಿ ನ್ಯೂಯಾರ್ಕಿನ ಆನಿಕ್ಸ್ ಕ್ಲಬ್ಬಿನಲ್ಲಿ ಹೆಸರಾದ ಇವರು ಪಿಟೀಲಿಗೆ ವಿದ್ಯುತ್ ವರ್ಧನೆ ಜೋಡಿಸಿದ ಮೊದಲಿಗರಲ್ಲಿ ಒಬ್ಬರು. ಟ್ರಂಪೆಟ್, ಡ್ರಮ್‌ಗಳ ನಡುವೆ ಬರಿಯ ಪಿಟೀಲು ಕೇಳಿಸುತ್ತಿರಲಿಲ್ಲ. ನಮ್ಮ ಮೈಸೂರು ಟಿ. ಚೌಡಯ್ಯನವರು ಹೆಚ್ಚುಕಡಿಮೆ ಅದೇ ಕಾಲದಲ್ಲಿ, ದೊಡ್ಡ ಸಭೆಗಳಲ್ಲಿ ನಾದ ಸಾಲದೆಂದು ಮೂರು ತಂತಿಗಳನ್ನು ಜೋಡಿಯಾಗಿಸಿ ಏಳು ತಂತಿಯ ಪಿಟೀಲು ಮಾಡಿಕೊಂಡರು. ಕನ್ನಡ ಓದುಗರಿಗೆ ಸ್ಮಿತ್ ಅವರನ್ನು ಪರಿಚಯಿಸಲು ಇದಕ್ಕಿಂತ ಹತ್ತಿರದ ದಾರಿಯಿಲ್ಲ, ಬಳಸಿಕೊಳ್ಳಿ.

ಇವರನ್ನೆಲ್ಲ ಬೇರೆಬೇರೆಯಾಗಿ ಗುರುತಿಸಬಲ್ಲೆನೆಂಬ ಧೈರ್ಯ ಬಂದ ಮೇಲೆ 1966ರ ಬಾಸೆಲ್ ಕಛೇರಿಯ 'ವಯೊಲಿನ್ ಸಮ್ಮಿಟ್' ಹಾಕಿ. ಸ್ಮಿತ್, ಗ್ರಾಪೆಲ್ಲಿ, ಡೆನ್ಮಾರ್ಕಿನ ಸ್ವೆಂಡ್ ಆಸ್ಮುಸೆನ್, ಜೊತೆಗೆ ಆಗಿನ್ನೂ 24ರ ಜಾನ್-ಲುಕ್ ಪಾಂಟಿ. ಹೆಸರು ನೋಡದೆ ಯಾರು ಯಾವಾಗ ನುಡಿಸುತ್ತಿದ್ದಾರೆಂದು ಬರೆದುಕೊಳ್ಳಿ, ಆಮೇಲೆ ತಾಳೆ ನೋಡಿ. ತಪ್ಪು ಬಂದರೆ ಮತ್ತೆ ಹಿಂದಕ್ಕೆ ಹೋಗಿ. ಇಲ್ಲಿ ಆತುರ ಮಾಡಿದವರ ಬರಹದಲ್ಲಿ ನಾಲ್ವರೂ 'ಮಧುರವಾಗಿ' ನುಡಿಸುತ್ತಾರೆ.

ಇನ್ನು ಕಮಾನಿನ ವಿಷಯ. ನಿಮ್ಮ ಬರಹ ನಿಲ್ಲುವುದೂ ಬೀಳುವುದೂ ಇದರ ಮೇಲೆ. ಸ್ವಿಂಗ್‌ನಲ್ಲಿ ಒಂದು ಎಣಿಕೆಗೆ ಎರಡು ಸ್ವರ ಬಂದರೆ ಎರಡೂ ಸಮನಲ್ಲ. ಎಣಿಕೆಯನ್ನು ತಿಶ್ರವಾಗಿ ಒಡೆದು, ಮೊದಲ ಎರಡು ಭಾಗ ಒಂದು ಸ್ವರಕ್ಕೆ, ಮೂರನೆಯದು ಇನ್ನೊಂದಕ್ಕೆ ಎಂದು ಹೇಳಿದರೆ ನಮ್ಮವರಿಗೆ ತಕ್ಷಣ ಅರ್ಥವಾಗುತ್ತದೆ. ಆದರೆ ಇದು ಮಧ್ಯಮ ವೇಗದ ಲೆಕ್ಕ. ವೇಗ ಏರಿದಂತೆ ಎರಡೂ ಸ್ವರಗಳು ಸಮಕ್ಕೆ ಹತ್ತಿರವಾಗುತ್ತವೆ, ಆಗ ಸ್ವಿಂಗ್ ಉಳಿಯುವುದು ಒತ್ತಿನಿಂದ ಮಾತ್ರ. ಆ ಒತ್ತು ಬರುವುದು ಬಿಲ್ಲು ದಿಕ್ಕು ಬದಲಿಸುವ ಜಾಗದಿಂದ. ಶಾಸ್ತ್ರೀಯ ಪಾಶ್ಚಾತ್ಯ ವಾದಕರು ಸಾಮಾನ್ಯವಾಗಿ ಎಣಿಕೆಯ ಮೇಲೆಯೇ ಬಿಲ್ಲು ತಿರುಗಿಸುತ್ತಾರೆ. ಗ್ರಾಪೆಲ್ಲಿ ಎಣಿಕೆಯ ನಡುವಿನ ಚಿಕ್ಕ ಸ್ವರದಲ್ಲಿ ತಿರುಗಿಸಿ, ಅದೇ ಎಳೆತದಲ್ಲಿ ಮುಂದಿನ ಎಣಿಕೆಯ ಸ್ವರವನ್ನೂ ಸೇರಿಸಿಬಿಡುತ್ತಾರೆ. ಬಿಲ್ಲಿನ ಸ್ವಲ್ಪವೇ ಭಾಗ ಬಳಕೆಯಾಗುತ್ತದೆ, ಒತ್ತಡ ಹಗುರ. ಶಾಸ್ತ್ರೀಯ ವಾದಕರು ಸ್ವಿಂಗ್ ನುಡಿಸಿದಾಗ ಸ್ವರಗಳೆಲ್ಲ ಸರಿಯಿದ್ದೂ ಮೆರವಣಿಗೆಯ ಹೆಜ್ಜೆಯಂತೆ ಕೇಳಿಸುವುದಕ್ಕೆ ಬಹುಪಾಲು ಕಾರಣ ಇದೇ.

ಇದನ್ನು ಕೇಳಿಸಿಕೊಳ್ಳಲು ಧ್ವನಿಯನ್ನು ಶೇ. 75ರ ವೇಗಕ್ಕೆ ಇಳಿಸಿ. ಅರ್ಧಕ್ಕೆ ಇಳಿಸಿದರೆ ಸಾಫ್ಟ್‌ವೇರ್ ಸ್ವರದ ಆರಂಭವನ್ನೇ ಮಸುಕು ಮಾಡುತ್ತದೆ, ಬಿಲ್ಲು ತಿರುಗಿದ್ದು ತಿಳಿಯುವುದಿಲ್ಲ. ಕೈತಟ್ಟುವುದಾದರೆ 2 ಮತ್ತು 4ನೇ ಎಣಿಕೆಗೆ ತಟ್ಟಿ. ಸಮಕ್ಕೆ ತಟ್ಟುವ ಅಭ್ಯಾಸವಿರುವ ನಮ್ಮ ಕೈ ಮೊದಲು ಹಟ ಮಾಡುತ್ತದೆ. ಅರ್ಧ ಗಂಟೆಯಲ್ಲಿ ಒಗ್ಗುತ್ತದೆ.

ಉದ್ದದ ಲೆಕ್ಕವನ್ನೂ ಬಿಡಬೇಡಿ. ಈ ಸಂಗೀತದ ಬಹಳಷ್ಟು ಹಾಡುಗಳು 32 ಬಾರ್‌ಗಳ ಚೌಕಟ್ಟಿನವು (ನಾಲ್ಕು ಎಣಿಕೆಗೆ ಒಂದು ಬಾರ್): ಎಂಟೆಂಟು ಬಾರ್‌ಗಳ ನಾಲ್ಕು ಭಾಗ, ಮೂರನೆಯದು ಬೇರೆ ದಾರಿ ಹಿಡಿಯುತ್ತದೆ. ಒಂದು ಸುತ್ತಿಗೆ ಕೋರಸ್ ಎನ್ನುತ್ತಾರೆ. ನಿಮಿಷಕ್ಕೆ 200 ಎಣಿಕೆಯ ವೇಗದಲ್ಲಿ ಒಂದು ಕೋರಸ್ ಮುಗಿಯಲು ಸುಮಾರು 38 ಸೆಕೆಂಡ್. ಹಳೆಯ 78 ಆರ್‌ಪಿಎಂ ತಟ್ಟೆಯ ಒಂದು ಮಗ್ಗುಲು ಸುಮಾರು 3 ನಿಮಿಷ, ಅಂದರೆ ಐದು ಕೋರಸ್‌ಗೂ ಜಾಗವಿಲ್ಲ. ಅದರಲ್ಲೇ ಹಾಡಿನ ಪರಿಚಯ, ಗಿಟಾರಿನ ಸರದಿ, ಮುಕ್ತಾಯ ಎಲ್ಲ ಆಗಬೇಕು. 30ರ ದಶಕದ ಗ್ರಾಪೆಲ್ಲಿ ಒಂದೆರಡು ಕೋರಸ್‌ನಲ್ಲಿ ತಮ್ಮ ಮಾತು ಮುಗಿಸುತ್ತಿದ್ದರು. ಗೌರವಾರ್ಪಣೆಯ ಆಲ್ಬಮ್‌ಗಳು ಸೋಲುವುದು ಇಲ್ಲಿಯೇ ಹೆಚ್ಚು: ಸಿಡಿಯಲ್ಲಿ ಜಾಗವಿದೆಯೆಂದು ನಾಲ್ಕೈದು ಕೋರಸ್ ನುಡಿಸುತ್ತಾರೆ, ಮೂರನೆಯದರಿಂದಾಚೆ ಹೊಸದೇನೂ ಇರುವುದಿಲ್ಲ. ಲಾಕ್‌ವುಡ್ ಅವರ ಪ್ರತಿ ಕೋರಸ್ ಶುರುವಾಗುವ ನಿಮಿಷ–ಸೆಕೆಂಡ್ ಬರೆದು, ಪಕ್ಕದಲ್ಲಿ ಅಲ್ಲಿ ಏನು ಬದಲಾಯಿತೆಂದು ಒಂದೇ ಸಾಲು ಬರೆಯಿರಿ. ಖಾಲಿ ಉಳಿದ ಸಾಲುಗಳೇ ನಿಮ್ಮ ವಿಮರ್ಶೆ.

ವೇಗ ಅಳೆಯುವಾಗ ಒಂದು ಎಚ್ಚರ. ಹಳೆಯ ತಟ್ಟೆಗಳನ್ನು ಮರುಮುದ್ರಿಸುವಾಗ ತಿರುಗುವ ವೇಗ ಸರಿಯಿಲ್ಲದಿದ್ದರೆ ಶ್ರುತಿಯೂ ಲಯವೂ ಒಟ್ಟಿಗೆ ಕೆಡುತ್ತವೆ. ಅರ್ಧ ಸ್ವರ ಏರಿದ್ದರೆ ಲಯ ಸುಮಾರು ಶೇ. 6ರಷ್ಟು ಏರಿರುತ್ತದೆ, 200 ಇದ್ದದ್ದು 212 ಆಗುತ್ತದೆ. ಮೊದಲು ಶ್ರುತಿ ನೋಡಿ, ಆಮೇಲೆ ಲಯ ಎಣಿಸಿ.

ಹೋಲಿಕೆಯನ್ನು ಯಾವುದರ ಜೊತೆ ಮಾಡಬೇಕು? ಎಲ್ಲರೂ 1934ರಲ್ಲಿ ಪ್ಯಾರಿಸ್ಸಿನಲ್ಲಿ ಶುರುವಾದ ಹಾಟ್ ಕ್ಲಬ್ ಪಂಚಕಕ್ಕೆ ಓಡುತ್ತಾರೆ. ಅದರಲ್ಲಿ ಗ್ರಾಪೆಲ್ಲಿಯ ಪಿಟೀಲು, ಜ್ಯಾಂಗೊ ಅವರ ಗಿಟಾರ್, ತಾಳಕ್ಕೆ ಇನ್ನೆರಡು ಗಿಟಾರ್, ಒಂದು ಡಬಲ್ ಬೇಸ್, ಡ್ರಮ್ ಇಲ್ಲ. ಲಾಕ್‌ವುಡ್ ಅವರದು ಮೂವರ ತಂಡ: ಪಿಟೀಲು, ಬಿರೆಲಿ ಲಾಗ್ರೆನ್ ಗಿಟಾರ್, ನೀಲ್ಸ್-ಹೆನ್ನಿಂಗ್ ಓರ್ಸ್ಟೆಡ್ ಪೆಡರ್ಸನ್ ಬೇಸ್. ಇದೇ ಪೆಡರ್ಸನ್ 1979ರಲ್ಲಿ ಕೋಪನ್‌ಹೇಗನ್ನಿನ ಟಿವೊಲಿ ಉದ್ಯಾನದಲ್ಲಿ ಗ್ರಾಪೆಲ್ಲಿ ಮತ್ತು ಗಿಟಾರ್ ವಾದಕ ಜೋ ಪಾಸ್ ಜೊತೆ ನುಡಿಸಿದ್ದರು, ಅದರ ಧ್ವನಿಮುದ್ರಣ ಸಿಗುತ್ತದೆ. ಸರಿಯಾದ ಜೋಡಿ ಅದು. ತಾಳದ ಗಿಟಾರುಗಳು ಎರಡೂ ಇಲ್ಲದಾಗ ಲಯದ ಭಾರ ಬೇಸ್ ಮೇಲೆ ಬೀಳುತ್ತದೆ, ಪಿಟೀಲಿಗೆ ತಡೆದು ನಿಲ್ಲಲು ಜಾಗ ಸಿಗುತ್ತದೆ. ಮಾಗ್ಮಾದಂಥ ರಾಕ್ ತಂಡದಿಂದ ಬಂದ ಲಾಕ್‌ವುಡ್ ಆ ಜಾಗವನ್ನು ಹೇಗೆ ತುಂಬುತ್ತಾರೆ, ಎಲ್ಲಿ ತುಂಬದೆ ಬಿಡುತ್ತಾರೆ ಎಂಬುದರಲ್ಲಿ ಅವರ ಗೌರವವೂ ಸ್ವಂತಿಕೆಯೂ ಕಾಣುತ್ತವೆ. ನಿಮ್ಮ ಲೇಖನದ ಅರ್ಧದಷ್ಟನ್ನು ಇದಕ್ಕೇ ಕೊಟ್ಟರೂ ಹೆಚ್ಚಾಗದು.

ನಮ್ಮ ಕಿವಿಯ ಬಗ್ಗೆ ಒಂದು ಮಾತು. ಸ್ವರಕ್ಕೆ ಕೆಳಗಿನಿಂದ ಜಾರಿ ಬಂದದ್ದನ್ನೆಲ್ಲ ಗಮಕ ಎಂದು ಬರೆಯಬೇಡಿ. ಗಮಕ ರಾಗದ ಅಂಗ, ಬಿಟ್ಟರೆ ರಾಗವೇ ಕೆಡುತ್ತದೆ. ಸ್ವಿಂಗ್‌ನ ಜಾರು ವಾದಕರ ಇಚ್ಛೆ. ಒಮ್ಮೆ ಹಾಕಿ ಮರುಸುತ್ತಿನಲ್ಲಿ ಬಿಡಬಹುದು. ಕರ್ನಾಟಕ ಸಂಗೀತದಲ್ಲಿ ಕುಳಿತು, ಪಿಟೀಲಿನ ತುದಿಯನ್ನು ಪಾದಕ್ಕೆ ಆನಿಸುವುದರಿಂದ ಎಡಗೈಗೆ ತಂತಿಯುದ್ದಕ್ಕೂ ಜಾರುವ ಸ್ವಾತಂತ್ರ್ಯವಿದೆ. ನಿಂತು ಗಲ್ಲಕ್ಕೆ ಒತ್ತಿ ಹಿಡಿಯುವವರ ಜಾರು ಸಾಮಾನ್ಯವಾಗಿ ಗಿಡ್ಡ. ಎರಡೂ ಕೈಗಳನ್ನು ಒಟ್ಟಿಗೆ ಕೇಳಬೇಕೆಂದರೆ ಎಲ್. ಸುಬ್ರಮಣ್ಯಂ ಮತ್ತು ಗ್ರಾಪೆಲ್ಲಿ ಜೊತೆಯಾಗಿ ನುಡಿಸಿದ 1984ರ 'ಕಾನ್ವರ್ಸೇಷನ್ಸ್' ಇದೆ.

ಬರೆಯುವಾಗ ಹಾಡಿನ ಕರ್ತೃ ಯಾರು, ನುಡಿಸಿದವರು ಯಾರು ಎಂಬುದನ್ನು ಪ್ರತಿಯೊಂದಕ್ಕೂ ಬೇರೆಬೇರೆ ನೋಡಿ. ಬ್ರಾಡ್‌ವೇ ನಾಟಕಗಳ ಹಾಡುಗಳನ್ನು ಗ್ರಾಪೆಲ್ಲಿಯದೆಂದು ಬರೆಯುವ ತಪ್ಪು ಪದೇಪದೇ ಆಗುತ್ತದೆ. ಅವರು ಅರ್ಧ ಶತಮಾನಕ್ಕೂ ಮೀರಿ ಧ್ವನಿಮುದ್ರಿಸಿದವರು, ಒಂದೇ ಹಾಡು ಹಲವು ಬಾರಿ ಸಿಗುತ್ತದೆ; ಇಸವಿ ಇಲ್ಲದ ಹೋಲಿಕೆ ಓದುಗರಿಗೆ ಉಪಯೋಗವಿಲ್ಲ. ಜೀವನಚರಿತ್ರೆ ಎರಡು ಸಾಲಿಗೆ ಸಾಕು.

ಕರಡು ಕಳಿಸುವಾಗ ನಿಮಿಷ–ಸೆಕೆಂಡ್ ಗುರುತುಗಳನ್ನು ಅಳಿಸಬೇಡಿ. ನಿಮ್ಮ ಕಿವಿಗೂ ನನ್ನ ಕಿವಿಗೂ ಎಲ್ಲಿ ಹೊಂದುವುದಿಲ್ಲವೋ ಅಲ್ಲಿಂದ ಮಾತು ಶುರುಮಾಡೋಣ.

ವಿಶ್ವಾಸದಿಂದ,
ನಿಮ್ಮ ಹಿರಿಯ ಮಿತ್ರ