ನಕ್ಷೆಗೆ ಗೆರೆ ಎಳೆಯುವ ಮುಂಚೆ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಪೊಲೀಸರಿಗೆ ಫೋನ್ ಕರೆಗಳ ನಕ್ಷೆ ಮಾಡಿಕೊಡುವ ಕೆಲಸ ಸಿಕ್ಕಿದ್ದು ಕೇಳಿ ಖುಷಿಯಾಯಿತು. ಯಾರು ಯಾರ ಜೊತೆ ಮಾತಾಡಿದರು ಅಂತ ಚುಕ್ಕಿ ಇಟ್ಟು ಗೆರೆ ಎಳೆದರೆ ಇಡೀ ಗ್ಯಾಂಗ್ ಬಯಲಾಗುತ್ತದೆ ಅಂತ ಬರೆದಿದ್ದೀಯಲ್ಲ, ಆ ಮಾತು ಓದಿದಾಗಿನಿಂದ ನಿನಗೆ ಬರೆಯಬೇಕು ಅನ್ನಿಸುತ್ತಿತ್ತು.

ಕೆನಡಾದ ಮಾಂಟ್ರಿಯಲ್‌ನಲ್ಲಿ 1994ರಿಂದ 1996ರವರೆಗೆ 'ಕ್ಯಾವಿಯರ್' ಅನ್ನುವ ತನಿಖೆ ನಡೆಯಿತು. ಹಶೀಶ್, ಕೊಕೇನ್ ತರಿಸುತ್ತಿದ್ದವರ ಫೋನನ್ನು ಪೊಲೀಸರು ಕದ್ದು ಕೇಳುತ್ತಿದ್ದರು. 11 ಸಲ ಮಾಲು ಹಿಡಿದರು. ಆದರೆ ಕೊನೆಯವರೆಗೂ ಯಾರನ್ನೂ ಬಂಧಿಸಲಿಲ್ಲ. ಹಾಗಾಗಿ ಏಟು ಬಿದ್ದಾಗ ಜಾಲ ಏನು ಮಾಡುತ್ತದೆ ಅನ್ನುವುದು ಕಣ್ಣೆದುರೇ ಕಂಡಿತು. ಶುರುವಿನಲ್ಲಿ ಗೆರೆಗಳೆಲ್ಲ ಒಬ್ಬನ ಸುತ್ತ ಇದ್ದವು. ಮಾಲು ಹೋಗುತ್ತಾ ಹೋದ ಹಾಗೆ ಅವನ ಹಿಡಿತ ಸಡಿಲವಾಯಿತು, ಬೇರೆಯವರು ತಮ್ಮದೇ ದಾರಿ ಹುಡುಕಿಕೊಂಡರು. ಇದನ್ನು ಕೂಲಂಕಷವಾಗಿ ನೋಡಿದವರು ಅಪರಾಧಶಾಸ್ತ್ರಜ್ಞ ಕಾರ್ಲೋ ಮೊರ್ಸೆಲ್ಲಿ. ಮೊದಲ ತಿಂಗಳುಗಳ ನಕ್ಷೆ ಹಿಡಿದು ಕೊನೆಯ ತಿಂಗಳಲ್ಲಿ ಯಜಮಾನನನ್ನು ಹುಡುಕಿದ್ದರೆ ದಾರಿ ತಪ್ಪುತ್ತಿತ್ತು, ಅಲ್ವಾ?

ಅದೇ ನಕ್ಷೆಯಲ್ಲಿದ್ದ 110 ಜನರಲ್ಲಿ 28 ಮಂದಿ ಡ್ರಗ್ಸ್ ಸಾಗಿಸುವವರಲ್ಲ. ಹಣ ಹೂಡಿದವರು, ಲೆಕ್ಕ ಬರೆಯುವವರು, ಆಮದು ವ್ಯಾಪಾರಿಗಳು. ಚುಕ್ಕಿಗಳು ಮಾತ್ರ ಎಲ್ಲರದೂ ಒಂದೇ ಥರ.

ಇನ್ನು ಸಿಸಿಲಿಯ ಮಾಫಿಯಾ ದೊರೆ ಬರ್ನಾರ್ಡೊ ಪ್ರೊವೆಂಜಾನೊ. 1963ರಿಂದ ತಲೆಮರೆಸಿಕೊಂಡವನು. ಫೋನಿನ ತಂಟೆಗೇ ಹೋಗುತ್ತಿರಲಿಲ್ಲ. ಪುಟ್ಟ ಚೀಟಿಯಲ್ಲಿ ಟೈಪ್ ಮಾಡಿ, ಮಡಚಿ, ಟೇಪ್ ಅಂಟಿಸಿ, ಕೈಯಿಂದ ಕೈಗೆ ದಾಟಿಸುತ್ತಿದ್ದ. ಅವುಗಳಿಗೆ ಪಿಜ್ಜೀನಿ ಅಂತ ಹೆಸರು. ಕರೆಗಳ ನಕ್ಷೆಯಲ್ಲಿ ಅವನ ಚುಕ್ಕಿಯೇ ಇರುವುದಿಲ್ಲ. ಅವನ ಹೆಂಡತಿಯ ಮನೆಯಿಂದ ಹೊರಟ ಒಗೆದ ಬಟ್ಟೆಯ ಗಂಟು ಯಾರ ಯಾರ ಕೈ ದಾಟಿ ಎಲ್ಲಿಗೆ ಹೋಗುತ್ತದೆ ಅಂತ ಪೊಲೀಸರು ತಾಳ್ಮೆಯಿಂದ ಹಿಂಬಾಲಿಸಿದರು. 2006ರ ಏಪ್ರಿಲ್ 11ರಂದು ಕೊರ್ಲಿಯೋನೆ ಊರಿನ ಹತ್ತಿರದ ತೋಟದ ಮನೆಯಲ್ಲಿ ಸಿಕ್ಕಿಬಿದ್ದ. ಅದೂ ಜಾಲವನ್ನು ಓದಿದ ಕೆಲಸವೇ. ಕಂಪ್ಯೂಟರಿನಲ್ಲಿ ಅಲ್ಲ, ಅಷ್ಟೇ.

ನಮ್ಮ ಕಡೆ ಸಿಮ್ ಅಪ್ಪನ ಹೆಸರಲ್ಲಿ, ಫೋನ್ ಮಗನ ಕೈಯಲ್ಲಿ. ಆಟೋದವರಿಗೆ, ಮೆಕ್ಯಾನಿಕ್‌ಗೆ, ಹಾಲಿನವರಿಗೆ ದಿನಾ ಎಷ್ಟೋ ಜನರ ಕರೆ ಬರುತ್ತದೆ. ಕರೆ ಜಾಸ್ತಿ ಇದ್ದಷ್ಟೂ ಅವರ ಚುಕ್ಕಿ ದೊಡ್ಡದಾಗುತ್ತದೆ. ನಿನ್ನ ಹಾಳೆ ನೋಡಿದ ಅಧಿಕಾರಿ ಅಂಥವರನ್ನು ಠಾಣೆಗೆ ಕರೆಸಿದರೆ ಆ ಮನೆಯ ಗತಿ ಏನು? ಬೀದಿಯವರು ಆಡಿಕೊಳ್ಳುವುದು ನಿಲ್ಲುವುದೇ ಇಲ್ಲ. ನನಗೆ ಎಲ್ಲಕ್ಕಿಂತ ಜಾಸ್ತಿ ಭಯ ಇದರದ್ದೇ.

ಅದಕ್ಕೇ ಹೇಳುತ್ತೇನೆ. ಯಾವ ತಾರೀಖಿನಿಂದ ಯಾವ ತಾರೀಖಿನವರೆಗಿನ ಕರೆಗಳು ಅಂತ ಪ್ರತಿ ನಕ್ಷೆಯ ಮೇಲೂ ಹಾಕು. ಮನೆಯವರ ಗೆರೆಗೆ ಬೇರೆ ಬಣ್ಣ ಕೊಡು. ಏನು ಮಾತಾಡಿದರು ಅಂತ ತಿಳಿಯದೇ ಇದ್ದರೆ ಆ ಗೆರೆಯ ಪಕ್ಕ 'ಗೊತ್ತಿಲ್ಲ' ಅಂತ ಬರೆ. ಮೇಲಿನವರು ಅವಸರ ಮಾಡಿ ಅದನ್ನು ಅಳಿಸು ಅಂದರೂ ಸುಮ್ನೆ ಒಪ್ಪಬೇಡ.

ಇಂತಿ,
ನಿನ್ನ ದೊಡ್ಡಪ್ಪ