ಕಂಠೀರವದ ಟ್ರ್ಯಾಕ್ ಮೇಲೆ ವೇದಿಕೆ ಏಳುವ ಮುನ್ನ

ಮಾನ್ಯ ಸಂಪಾದಕರೇ,

ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣ ನಿಂತಿರುವುದು ಸಂಪಂಗಿ ಕೆರೆಯ ಅಂಗಳದಲ್ಲಿ. ಕೆರೆಯಲ್ಲಿ ಈಗ ಉಳಿದಿರುವುದು ಕರಗದ ಆಚರಣೆಗೆ ಬೇಕಾದ ಪುಟ್ಟ ಕೊಳವಷ್ಟೇ. ಇದೇ ಅಂಗಳದಲ್ಲಿ 2006ರಲ್ಲಿ ಡಾ. ರಾಜ್‌ಕುಮಾರ್ ಅವರಿಗೆ, 2021ರಲ್ಲಿ ಪುನೀತ್ ಅವರಿಗೆ ನಾಡು ಅಂತಿಮ ನಮನ ಸಲ್ಲಿಸಿತು. 2013 ಮತ್ತು 2023ರಲ್ಲಿ ಮುಖ್ಯಮಂತ್ರಿಯ ಪ್ರಮಾಣವಚನವೂ ಇಲ್ಲೇ ಆಯಿತು. 2023ರ ಸ್ಯಾಫ್ (ದಕ್ಷಿಣ ಏಷ್ಯಾ) ಫುಟ್‌ಬಾಲ್ ಫೈನಲ್, 2025ರ ಜುಲೈ 5ರ ನೀರಜ್ ಚೋಪ್ರಾ ಕ್ಲಾಸಿಕ್ ಜಾವೆಲಿನ್ ಕೂಟ ಕೂಡ ಇದೇ ಹುಲ್ಲಿನ ಮೇಲೆ. ಇವುಗಳಲ್ಲಿ ಯಾವುದನ್ನೂ ಬೇಡ ಎನ್ನಲಾಗದು. ಆದರೆ ಒಂದು ಬಳಕೆಯಿಂದ ಇನ್ನೊಂದಕ್ಕೆ ಮೈದಾನ ಕೈಬದಲಾಗುವಾಗ ಪಾಲಿಸಬೇಕಾದ ಕ್ರಮ ಬಾಡಿಗೆ ಕರಾರಿನಲ್ಲೇ ಬರಹದಲ್ಲಿರಬೇಕು.

ಓಟದ ಸಿಂಥೆಟಿಕ್ ಟ್ರ್ಯಾಕ್‌ನ ರಬ್ಬರ್ ಪದರ ಸುಮಾರು 13 ಮಿ.ಮೀ. ದಪ್ಪ, ಅದರಡಿ ಡಾಂಬರು. ವೇದಿಕೆಯ ಕಬ್ಬಿಣದ ಕಾಲು ನೇರವಾಗಿ ಕೂತರೆ ಭಾರವೆಲ್ಲ ಅಂಗೈಯಗಲದ ಜಾಗಕ್ಕೆ ಬಿದ್ದು ರಬ್ಬರ್ ತಗ್ಗಾಗುತ್ತದೆ. ಲಾರಿ ಹತ್ತಿಸಿದರೆ ಕೆಳಗಿನ ಡಾಂಬರೇ ಕುಸಿಯುತ್ತದೆ. ಆಮೇಲೆ ಮೇಲಷ್ಟೇ ತೇಪೆ ಹಾಕಿ ಫಲವಿಲ್ಲ. ಹಾಗಾಗಿ ಮೊದಲು ದಪ್ಪ ಬಟ್ಟೆಯ ಹಾಸು, ಅದರ ಮೇಲೆ ಅಂಚಿಗೆ ಅಂಚು ಕೂಡಿಸಿದ ಪ್ಲೈವುಡ್, ಅನಂತರವೇ ಕಂಬ. ಮೊಳೆ, ಗೂಟ ಬೇಡವೇ ಬೇಡ. ಜನರೇಟರ್ ಟ್ರ್ಯಾಕ್‌ನಿಂದ ದೂರ, ಹೊರಗಡೆಯೇ ಇರಲಿ. ಸೋರಿದ ಡೀಸೆಲ್ ರಬ್ಬರ್ ಕಾಳುಗಳನ್ನು ಹಿಡಿದಿಟ್ಟ ಅಂಟನ್ನೇ ಸಡಿಲಿಸುತ್ತದೆ, ಸ್ಪೈಕ್ ಶೂ ತಾಗಿದಲ್ಲೆಲ್ಲ ಕಾಳು ಕಿತ್ತುಬರುತ್ತದೆ.

ನೀರಿನದು ಇನ್ನೊಂದು ಚಿಂತೆ. ಟ್ರ್ಯಾಕ್ ಒಳಬದಿಗೆ ಶೇ 1ರಷ್ಟು ಇಳಿಜಾರಾಗಿರುತ್ತದೆ, ಮಳೆನೀರು ಒಳಅಂಚಿನ ಚರಂಡಿಗೆ ಇಳಿಯಲೆಂದು. ಸಮಾರಂಭ ಮುಗಿದ ಮೇಲೆ ಹೂವು, ಪ್ಲಾಸ್ಟಿಕ್, ಮಣ್ಣು ಅಲ್ಲಿ ಕಟ್ಟಿಕೊಂಡರೆ ಮೊದಲು ನೆನೆಯುವುದು ತೀರಾ ಒಳಗಿನ ಒಂದನೇ ಲೇನ್. ಎಲ್ಲರೂ ಓಡುವ ಆ ಲೇನ್ ಹೇಗೂ ಬೇಗ ಸವೆಯುತ್ತದೆ. ನಿತ್ಯದ ಓಟಕ್ಕೆ ಒಂದು, ಎರಡನೇ ಲೇನ್‌ಗೆ ಕೋನ್ ಅಡ್ಡವಿಟ್ಟು ಹೊರಗಿನ ಲೇನ್‌ಗಳನ್ನು ಬಳಸಿದರೆ ಟ್ರ್ಯಾಕ್‌ನ ಆಯಸ್ಸು ಹೆಚ್ಚುತ್ತದೆ.

ಫುಟ್‌ಬಾಲ್ ಮತ್ತು ಅಥ್ಲೆಟಿಕ್ಸ್ ನಡುವಿನ ತಕರಾರಿಗೆ ದೊಡ್ಡ ಕಾರಣ ಎಸೆತದ ಗುಂಡಿಗಳು. ಪುರುಷರು ಎಸೆಯುವ ಹ್ಯಾಮರ್ (ತಂತಿಗೆ ಕಟ್ಟಿದ ಲೋಹದ ಗುಂಡು) 7.26 ಕಿಲೋ. ಅದು ಬಿದ್ದ ಗುಂಡಿಗೆ ಮೇಲಿಂದ ಮಣ್ಣು ಸುರಿದರೆ ಸಾಲದು. ಅಡಿಯ ಮಣ್ಣು ಗಟ್ಟಿಯಾಗಿಯೇ ಉಳಿದು ಬೇರು ಇಳಿಯುವುದಿಲ್ಲ. ಸುತ್ತಲೂ ತೋಟದ ಫೋರ್ಕ್ ಚುಚ್ಚಿ ಕೆಳಗಿನಿಂದ ಎತ್ತಿ ಸಡಿಲಿಸಿ, ಮರಳು ಬೆರೆತ ಮಣ್ಣು ತುಂಬಿ, ತುಳಿದು, ನೀರು ಕೊಡಬೇಕು. ಅದೇ ದಿನ ಮಾಡಿದರೆ ಹುಲ್ಲು ಉಳಿಯುತ್ತದೆ.

ಕಾರ್ಯಕ್ರಮ ಮುಗಿದ ಮರುದಿನ 4 ಮೀಟರ್ ನೇರಪಟ್ಟಿ ಇಟ್ಟು ಟ್ರ್ಯಾಕ್ ಪರೀಕ್ಷಿಸಲಿ. ಪಟ್ಟಿಯಡಿ 6 ಮಿ.ಮೀ.ಗಿಂತ ಹೆಚ್ಚು ಸಂದು ಕಂಡರೆ ದುರಸ್ತಿಯ ಖರ್ಚು ಬಾಡಿಗೆದಾರರ ಠೇವಣಿಯಿಂದಲೇ ಹೋಗಲಿ.

– ಅಥ್ಲೆಟಿಕ್ಸ್ ತರಬೇತುದಾರರು, ಬೆಂಗಳೂರು